ಅಟ್ಟೆ ಬಿಟ್ಟ ಶೂ ಮತ್ತು ಒಂದು ಟೇಬಲ್ ಫ್ಯಾನು

ಜುಲೈ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಮೇಜಿನ ಮೇಲೆ ಮೂರು ರಟ್ಟಿನ ಪೆಟ್ಟಿಗೆ. ಅಂಗಡಿಗಳಿಂದ ವಾಪಸ್ ಬಂದ ಕಪ್ಪು ಫಾರ್ಮಲ್ ಶೂಗಳು. ಏಪ್ರಿಲ್, ಮೇನಲ್ಲಿ ನಾವೇ ಮಾಡಿ ಕಳಿಸಿದ್ದವು. ಒಂದನ್ನು ಎತ್ತಿಕೊಂಡು ಮುಂಭಾಗ ಸ್ವಲ್ಪ ಬಗ್ಗಿಸಿದೆ. ಕಪ್ಪೆ ಬಾಯಿ ಬಿಟ್ಟ ಹಾಗೆ ಅಟ್ಟೆ ಬಾಯಿ ಬಿಟ್ಟಿತು. ಇನ್ನೊಂದು ಎತ್ತಿಕೊಂಡೆ, ಅದೂ ಅಷ್ಟೇ. ಒಂದು ಡಬ್ಬಿಯೊಳಗೆ ಯಾರೋ ಗಿರಾಕಿ ಚೀಟಿ ಬರೆದಿಟ್ಟಿದ್ದರು: ‘ಮಗಳ ನಿಶ್ಚಿತಾರ್ಥದ ದಿನ ಬಿಟ್ಟುಹೋಯಿತು. ದಯವಿಟ್ಟು ನೋಡಿ.’ ಬೈದು ಬರೆದಿದ್ದರೆ ಪರವಾಗಿರಲಿಲ್ಲ. ಆ ‘ದಯವಿಟ್ಟು’ ಓದಿದ ಮೇಲೆ ನನಗೆ ಕಾಫಿ ಇಳಿಯಲಿಲ್ಲ.

ಹತ್ತು ಗಂಟೆಗೆ ಮೀಟಿಂಗ್. ಓನರ್ ಹೇಳಿದ್ದು ಒಂದೇ ಮಾತು: ‘ಗಮ್ ಸರಿ ಇಲ್ಲ, ಚೇಂಜ್ ಮಾಡಿ.’ ಪ್ರೊಡಕ್ಷನ್ ಮ್ಯಾನೇಜರ್ ಹೇಳಿದ್ದು: ‘ಎರಡು ಕೋಟ್ ಬದಲು ಮೂರು ಹಾಕ್ಸೋಣ ಸಾರ್.’ ಪರ್ಚೇಸ್‌ನವರು ಆಗಲೇ ಬೇರೆ ಕಂಪನಿಯ ಸೇಲ್ಸ್‌ಮನ್‌ಗೆ ಫೋನ್ ಮಾಡಿಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಶೂ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವ ಕೆಲಸದಲ್ಲಿದ್ದೀನಿ. ಅಟ್ಟೆ ಬಿಟ್ಟಾಗಲೆಲ್ಲ ಮೊದಲು ಕಟಕಟೆ ಹತ್ತುವುದು ಅಂಟೇ. ಬಹಳ ಸಲ ಅದು ನಿರಪರಾಧಿ.

ಈ ಸಲದ ಅಪರಾಧಿ ಸಿಕ್ಕಿದ ಬಗೆಯನ್ನು ಬರೆದಿಡಬೇಕು ಅನ್ನಿಸಿತು. ಅದಕ್ಕೆ ಈ ಪೋಸ್ಟ್. ಸ್ವಲ್ಪ ಉದ್ದವಾಗುತ್ತದೆ.

ನಮ್ಮದು ಅಥಣಿ ತಾಲ್ಲೂಕು, ಚಪ್ಪಲಿ ಹೊಲಿಯುವ ಮನೆತನ. ಹೊರಗಿನವರು ಅದನ್ನು ಕೊಲ್ಹಾಪುರಿ ಅನ್ನುತ್ತಾರೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳನ್ನೂ ಸೇರಿಸಿದರು. ಅಪ್ಪನಿಗೆ ಅದೊಂದು ಸಮಾಧಾನ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು, ತೊಗಲಿನ ಬಾರಿನಿಂದಲೇ ಹೊಲಿಗೆ. ಮೊಳೆ ಇಲ್ಲ. ನಾನು ಚೆನ್ನೈನ ಗಿಂಡಿಯಲ್ಲಿ ಫುಟ್‌ವೇರ್ ಟೆಕ್ನಾಲಜಿ ಡಿಪ್ಲೊಮಾ ಮಾಡಿ, ಮೊದಲ ಸಂಬಳ ಬಂದ ತಿಂಗಳು ನಮ್ಮ ಫ್ಯಾಕ್ಟರಿಯದೇ ಒಂದು ಜೊತೆ ಶೂ ಅಪ್ಪನಿಗೆ ಒಯ್ದು ಕೊಟ್ಟಿದ್ದೆ. ಅಪ್ಪ ಅದನ್ನು ಹಾಕಿಕೊಳ್ಳಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದ, ಅಟ್ಟೆಯ ಅಂಚಿಗೆ ಹೆಬ್ಬೆರಳ ಉಗುರು ಹಾಕಿ ಕೆದಕಿದ.

‘ಹೊಲಿಗಿ ಎಲ್ಲೈತಿ ಇದರಾಗ?’

‘ಹೊಲಿಗಿ ಇಲ್ಲಪ್ಪಾ, ಅಂಟಿಸಿದ್ದು.’

‘ಬರೇ ಅಂಟು?’

‘ಬರೇ ಅಂಟು.’

‘ಮಂದಿ ರೊಕ್ಕಾ ಕೊಟ್ಟು ತಗೋತಾರೇನು?’

ಅವನ ಅನುಮಾನದಲ್ಲಿ ಹುರುಳಿದೆ. ಹೊಲಿಗೆ ಬಿಡುವಾಗ ಒಂದೊಂದೇ ಕಣ್ಣು ಬಿಡುತ್ತದೆ, ಮುಂಚೆಯೇ ನೋಟಿಸು ಕೊಡುತ್ತದೆ. ಅಂಟು ಬಿಟ್ಟರೆ ಒಂದೇ ಏಟಿಗೆ, ಅದೂ ನಿಶ್ಚಿತಾರ್ಥದ ಮನೆಯಲ್ಲಿ.

ಆದರೂ ಇವತ್ತು ಅಂಗಡಿಯಲ್ಲಿ ಸಿಗುವ ಶೂಗಳಲ್ಲಿ ಬಹುಪಾಲು ಅಟ್ಟೆ ನಿಂತಿರುವುದು ಹೊಲಿಗೆ ಇಲ್ಲದೆಯೇ. ಒಂದಷ್ಟಕ್ಕೆ ಅಪ್ಪರ್ (ಶೂವಿನ ಮೇಲ್ಭಾಗ) ಕೆಳಗೆ ನೇರವಾಗಿ ಪಿಯು (ಪಾಲಿಯುರೆಥೇನ್) ಅಥವಾ ಪಿವಿಸಿ ಪ್ಲಾಸ್ಟಿಕ್ ಇಂಜೆಕ್ಟ್ ಮಾಡುತ್ತಾರೆ. ಮಕ್ಕಳ ಕಪ್ಪು ಸ್ಕೂಲ್ ಶೂ ಹಾಗೆ. ಉಳಿದವು ನಮ್ಮಂತೆ ಅಂಟಿಸಿದ್ದು. ನಮ್ಮ ಲೈನಿನಲ್ಲಿ ಹೀಗೆ: ಹೊಲಿದ ಅಪ್ಪರನ್ನು ಪಾದದ ಆಕಾರದ ಅಚ್ಚಿನ ಮೇಲೆ, ಅಂದರೆ ಲಾಸ್ಟ್ ಮೇಲೆ, ಎಳೆದು ಅಂಚನ್ನು ಕೆಳಗೆ ಮಡಚಿ ಕೂರಿಸುತ್ತೇವೆ. (ಇದನ್ನು ಯಂತ್ರದಿಂದ ಮಾಡಬಹುದು ಅಂತ 1883ರಲ್ಲಿ ಅಮೆರಿಕದ ಲಿನ್ ಊರಿನಲ್ಲಿ ಪೇಟೆಂಟ್ ಪಡೆದವನು ಯಾನ್ ಮಾಟ್ಸೆಲಿಗರ್, ಸುರಿನಾಮ್‌ನಲ್ಲಿ ಹುಟ್ಟಿದ ಕಪ್ಪು ಹುಡುಗ. ಮೂವತ್ತಾರಕ್ಕೇ ತೀರಿಕೊಂಡ. ಅವನಿಲ್ಲದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ, ಅದಕ್ಕೆ ಹೇಳಿದೆ.) ಆ ಮಡಚಿದ ಅಂಚನ್ನು ತಂತಿ ಬ್ರಷ್ಷಿನ ಮೇಲೆ ಉಜ್ಜಿ ತೊಗಲಿನ ಮೇಲಿನ ಬಣ್ಣ, ಹೊಳಪು ಎಲ್ಲ ತೆಗೆದು ಎಳೆ ಎಳೆ ಕಾಣುವ ಹಾಗೆ ಮಾಡಬೇಕು. ರಫಿಂಗ್. ಇದನ್ನು ಕಡಿಮೆ ಮಾಡಿದರೆ ಅಂಟು ಬಣ್ಣಕ್ಕೆ ಹತ್ತುತ್ತದೆ, ತೊಗಲಿಗಲ್ಲ. ಸುಣ್ಣದ ಗೋಡೆ ಮೇಲೆ ಪೋಸ್ಟರ್ ಅಂಟಿಸಿದ ಹಾಗೆ, ಕಿತ್ತರೆ ಸುಣ್ಣವೂ ಬರುತ್ತದೆ. ಜಾಸ್ತಿ ಮಾಡಿದರೆ ತೊಗಲೇ ಸೋತು ಹರಿಯುತ್ತದೆ.

ಅಟ್ಟೆಯ ಕಡೆ ಇನ್ನೊಂದು ಕಥೆ. ನಮ್ಮದು ಟಿಪಿಆರ್ ಅಟ್ಟೆ, ರಬ್ಬರಿನಂಥ ಪ್ಲಾಸ್ಟಿಕ್. ಅದರ ಮೇಲೆ ಅಂಟು ಹಾಕಿದರೆ ಕೆಸುವಿನ ಎಲೆ ಮೇಲೆ ನೀರು ಹಾಕಿದ ಹಾಗೆ. ಅದಕ್ಕೇ ಮೊದಲು ಕ್ಲೋರಿನ್ ಪ್ರೈಮರ್ ಬಳಿಯುತ್ತೇವೆ. ಈಜುಕೊಳಕ್ಕೆ ಹಾಕುವ ಗುಳಿಗೆಯಲ್ಲಿರುತ್ತದಲ್ಲ, ಟ್ರೈಕ್ಲೋರೋ ಐಸೊಸಯನುರಿಕ್ ಆಸಿಡ್, ಅದೇ. ಅದು ರಬ್ಬರಿನ ಮೇಲ್ಪದರದ ರಸಾಯನವನ್ನೇ ಬದಲಿಸಿ ಅಂಟು ಹಿಡಿದುಕೊಳ್ಳಲು ಕೊಕ್ಕೆ ಮಾಡಿಕೊಡುತ್ತದೆ. ಬಳಿದು ಕಾಯಬೇಕು. ಕಾಯುವುದು ಯಾವ ಪ್ರೊಡಕ್ಷನ್ ಮ್ಯಾನೇಜರ್‌ಗೂ ಇಷ್ಟವಿಲ್ಲದ ಕೆಲಸ.

ಆಮೇಲೆ ಎರಡೂ ಕಡೆ ಪಿಯು ಅಂಟು. ಇದರ ಗುಣ ಗೊತ್ತಾಗದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ರಸ್ತೆ ಬದಿಯ ರಿಪೇರಿಯವರು ಹಚ್ಚುವ ಹಳದಿ ಸಲ್ಯೂಷನ್ ನಿಯೋಪ್ರೀನ್ ಜಾತಿಯದು. ಅರೆ ಒಣಗಿದಾಗ ಎರಡನ್ನೂ ಒತ್ತಿದರೆ ಅಲ್ಲೇ ಹಿಡಿಯುತ್ತದೆ. ನಮ್ಮ ಪಿಯು ಅಂಟು ಪೂರ್ತಿ ಒಣಗಿದ ಮೇಲೆ ಬೆರಳಿಟ್ಟರೂ ಅಂಟುವುದಿಲ್ಲ, ಗಾಜಿನ ಹಾಗೆ ಸುಮ್ಮನಿರುತ್ತದೆ. ಅದರೊಳಗೆ ಸಣ್ಣ ಸಣ್ಣ ಹರಳು ಕಟ್ಟಿರುತ್ತವೆ. ಇನ್‌ಫ್ರಾರೆಡ್ ಹೀಟರ್ ಕೆಳಗೆ ಎಪ್ಪತ್ತು ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿದಾಗ ಹರಳು ಕರಗಿ ಎರಡೂ ಪದರ ಜೀವ ಬಂದ ಹಾಗೆ ಅಂಟಂಟಾಗುತ್ತವೆ. ಆ ಕೆಲವೇ ಕ್ಷಣಗಳಲ್ಲಿ ಅಟ್ಟೆ ಕೂರಿಸಿ ಪ್ರೆಸ್ ಮಾಡಬೇಕು. ಎರಡು ಪದರ ಒಂದಾಗುತ್ತವೆ. ಕೂಡಲೇ ಚಿಲ್ಲರ್‌ಗೆ ಹೋಗಿ ತಣ್ಣಗಾದರೆ ಮತ್ತೆ ಹರಳು ಕಟ್ಟಿ ಬಿಗಿಯುತ್ತದೆ.

ಅವ್ವ ಶೇಂಗಾ ಉಂಡಿ ಕಟ್ಟುವಾಗ ನೋಡಿದ್ದೀರಾ? ಬೆಲ್ಲದ ಪಾಕ ಬಿಸಿ ಇದ್ದಾಗಲೇ ಕೈ ಸುಟ್ಟುಕೊಂಡು ಗಡಬಡಿಸಿ ಕಟ್ಟುತ್ತಾಳೆ. ಆರಿದ ಮೇಲೆ ಎರಡು ಅರ್ಧ ಉಂಡಿಗಳನ್ನು ಎಷ್ಟು ಒತ್ತಿದರೂ ಕೂಡುವುದಿಲ್ಲ. ಒತ್ತಿ ಹಿಡಿದಾಗ ಕೂಡಿದ ಹಾಗೆ ಕಾಣುತ್ತದೆ, ತಟ್ಟೆಗೆ ಹಾಕಿದರೆ ಎರಡು ಹೋಳು.

ಮೀಟಿಂಗ್ ಮುಗಿಸಿ ಬಂದವನು ಬಾಗಿಲು ಹಾಕಿಕೊಂಡು ವಾಪಸ್ ಬಂದ ಶೂಗಳನ್ನು ಇಕ್ಕಳ ಹಿಡಿದು ಪೂರ್ತಿ ಸುಲಿದೆ. ಹನ್ನೊಂದು ಜೊತೆ. ಸುಲಿದ ಅಟ್ಟೆ ಒಂದು ಕಡೆ, ಅಪ್ಪರ್ ಒಂದು ಕಡೆ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಅಂಟು ಯಾವ ಕಡೆ ಉಳಿಯಿತು ಅನ್ನುವುದೇ ಸಾಕ್ಷಿ. ಎಲ್ಲ ಅಂಟೂ ತೊಗಲಿನ ಕಡೆ ಉಳಿದು ಅಟ್ಟೆ ಬೋಳಾಗಿದ್ದರೆ ಪ್ರೈಮರ್ ತಪ್ಪು. ಅಟ್ಟೆಗೆ ಅಂಟಿನ ಜೊತೆ ತೊಗಲಿನ ಬಣ್ಣದ ಸಿಪ್ಪೆ ಬಂದಿದ್ದರೆ ರಫಿಂಗ್ ತಪ್ಪು. ಅಂಟು ಎಳೆ ಎಳೆಯಾಗಿ ಜೇಡರ ಬಲೆಯ ಹಾಗೆ ಎರಡೂ ಕಡೆ ಹರಿದಿದ್ದರೆ ಅಂಟೇ ಸೋತಿದೆ, ಆಗ ಬೇಕಾದರೆ ಸೇಲ್ಸ್‌ಮನ್‌ಗೆ ಫೋನ್ ಮಾಡಬಹುದು. ತೊಗಲೋ ಅಟ್ಟೆಯೋ ಹರಿದಿದ್ದರೆ ಕ್ವಾಲಿಟಿಯವನು ಕಾಲು ಚಾಚಿ ಮಲಗಬಹುದು, ಏಕೆಂದರೆ ಅಂಟು ಎರಡಕ್ಕಿಂತಲೂ ಗಟ್ಟಿ ಅಂತ ಅರ್ಥ.

ನನ್ನ ಮುಂದಿದ್ದ ಹನ್ನೊಂದು ಜೊತೆಯಲ್ಲಿ ಒಂಬತ್ತರದ್ದು ಇದ್ಯಾವುದೂ ಅಲ್ಲ. ಎರಡೂ ಕಡೆ ಅಂಟಿನ ಪದರ ಪೂರ್ತಿ ಇತ್ತು. ಎರಡೂ ಕಡೆ ನುಣುಪು, ಎರಡೂ ಕಡೆ ಹೊಳಪು. ಅಪ್ಪರ್ ಮೇಲೆ ಬ್ರಷ್ ಎಳೆದ ಗೆರೆಗಳು ಕೂಡ ಹಾಗೇ ಕಾಣುತ್ತಿದ್ದವು, ಬೆಳಿಗ್ಗೆ ಸಾರಿಸಿದ ನೆಲದ ಮೇಲಿನ ಗೆರೆಗಳ ಹಾಗೆ. ಅಂಟು ತೊಗಲನ್ನು ಬಿಟ್ಟಿರಲಿಲ್ಲ, ಅಟ್ಟೆಯನ್ನೂ ಬಿಟ್ಟಿರಲಿಲ್ಲ. ಅಂಟು ಅಂಟನ್ನು ಕೂಡಿರಲೇ ಇಲ್ಲ. ಆರಿದ ಉಂಡಿ.

ಅಂದರೆ ಪ್ರೆಸ್ ಸೇರುವ ಹೊತ್ತಿಗೆ ತಣ್ಣಗಾಗಿದೆ. ಇಲ್ಲವೇ ಹಾರ್ಡನರ್ (ಅಂಟನ್ನು ಗಟ್ಟಿ ಮಾಡುವ ರಸಾಯನ) ಬೆರೆಸಿದ ಅಂಟನ್ನು ಬಹಳ ಹೊತ್ತು ಇಟ್ಟುಕೊಂಡು ಬಳಸಿದ್ದಾರೆ; ಹಾಗಾದರೆ ಅದು ಡಬ್ಬಿಯಲ್ಲೇ ಗಟ್ಟಿಯಾಗಲು ಶುರುವಾಗಿ ಆಮೇಲೆ ಬಿಸಿ ಮಾಡಿದರೂ ಸರಿಯಾಗಿ ಕರಗುವುದಿಲ್ಲ. ಮೂರನೇ ಕೋಟ್ ಹಾಕಿದ್ದರೆ ಇದು ಇನ್ನೂ ಕೆಡುತ್ತಿತ್ತು. ದಪ್ಪ ಪದರದೊಳಗೆ ಸಾಲ್ವೆಂಟ್, ಅಂದರೆ ಅಂಟನ್ನು ಕರಗಿಸಿಟ್ಟ ದ್ರವ, ಸಿಕ್ಕಿಹಾಕಿಕೊಳ್ಳುತ್ತದೆ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ.

ಟೆಂಪರೇಚರ್ ಗನ್ ಹಿಡಿದುಕೊಂಡು ಲೈನಿಗೆ ಹೋದೆ. ಹೀಟರ್ ಬಾಯಲ್ಲಿ 73 ಡಿಗ್ರಿ. ಪ್ರೆಸ್ ಸೇರುವಾಗ 64, 65. ಚೆನ್ನಾಗಿದೆ. ಅರ್ಧ ಗಂಟೆ ನಿಂತೆ, ಎಲ್ಲ ಚೆನ್ನಾಗಿದೆ. ಮಾರನೆಯ ದಿನ ಬೆಳಿಗ್ಗೆ ಮತ್ತೆ ನಿಂತೆ. ಚೆನ್ನಾಗಿದೆ. ಆ ದಿನದ ಶೂಗಳನ್ನು ತೆಗೆದಿಟ್ಟು ಆಮೇಲೆ ಸುಲಿದು ನೋಡಿದೆವು, ತೊಗಲು ಹರಿಯಿತೇ ಹೊರತು ಅಂಟು ಬಿಡಲಿಲ್ಲ. ನಾನು ನಿಂತು ನೋಡಿದಾಗ ಮಾಡಿದ ಶೂ ಬಿಡುವುದಿಲ್ಲ, ನಾನಿಲ್ಲದಾಗ ಮಾಡಿದ್ದು ಬಿಡುತ್ತದೆ. ದೆವ್ವದ ಕಥೆಯ ಹಾಗಾಯಿತು.

ಮೂರನೇ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಜೋರು ಮಳೆ. ಇರಚಲು ಬೀಳುತ್ತದೆ ಅಂತ ಶಟರ್ ಇಳಿಸಿದ್ದರು. ಮುಂದಿನ ಬಾಗಿಲಲ್ಲಿ ನೀರು ನಿಂತಿದ್ದರಿಂದ ನಾನು ಸ್ಟೋರ್ ಕಡೆಯ ಹಿಂಬಾಗಿಲಿನಿಂದ ಒಳಗೆ ಬಂದೆ. ಯಾರೂ ಆ ದಾರಿಯಲ್ಲಿ ಬರುವುದಿಲ್ಲ.

ಹೀಟರಿಗೂ ಪ್ರೆಸ್ಸಿಗೂ ನಡುವೆ, ಅಟ್ಟೆ ತುಂಬುವ ಕ್ರೇಟ್ ಬೋರಲು ಹಾಕಿ, ಅದರ ಮೇಲೆ ಒಂದು ಹಳೇ ಟೇಬಲ್ ಫ್ಯಾನು. ನೀಲಿ ರೆಕ್ಕೆ, ಮುಂದಿನ ಜಾಲರಿ ಇಲ್ಲ. ಭರ್ರನೆ ತಿರುಗುತ್ತಿದೆ. ಗಾಳಿ ಸೀದಾ ಅಟ್ಟೆ ಕೂರಿಸುವ ಅಕ್ಕನ ಮುಖಕ್ಕೆ, ಅವರ ಕೈಯಲ್ಲಿದ್ದ ಬಿಸಿ ಶೂಗೂ ಸೇರಿ. ನನ್ನನ್ನು ನೋಡಿದ್ದೇ ತಡ, ಪಕ್ಕದ ಹುಡುಗಿ ಬಗ್ಗಿ ಸ್ವಿಚ್ ಆಫ್ ಮಾಡಿದಳು. ಎರಡು ದಿನ ನಾನು ನಿಂತಾಗಲೂ ಹಾಗೇ ಆಫ್ ಮಾಡಿ ಕ್ರೇಟ್ ಹಿಂದೆ ಸರಿಸಿದ್ದರಂತೆ.

‘ಯಾಕಕ್ಕಾ ಆಫ್ ಮಾಡಿಸಿದ್ರಿ?’

‘ನೀವು ಬೈತೀರ ಅಂತ ಸಾರ್.’

‘ಯಾರು ತಂದಿದ್ದು ಇದನ್ನ?’

‘ನಾವೇ ಸಾರ್. ನಾಲ್ಕು ಜನ ಇನ್ನೂರಿನ್ನೂರು ಹಾಕ್ಕೊಂಡು ಗುಜರಿಲಿ ತಗೊಂಡ್ವಿ. ಮಧ್ಯಾಹ್ನದ ಮೇಲೆ ತಲೆ ಸಿಡೀತದೆ ಸಾರ್. ಮನೆಗೆ ಹೋದ್ರೆ ಅನ್ನ ಸೇರಲ್ಲ. ಮೊಮ್ಮಗು ಹತ್ರ ಬಂದ್ರೆ ಅಜ್ಜಿ ಗಬ್ಬು ಅಂತದೆ.’

ಫ್ಯಾನ್ ಹಾಕಿ ಅಂದೆ. ಹಾಕಿದರು. ಗನ್ ಹಿಡಿದೆ. ಹೀಟರ್ ಬಾಯಲ್ಲಿ 73, ಪ್ರೆಸ್ ಹತ್ತಿರ 45.

ಆವತ್ತು ರಾತ್ರಿ ಆ ಎರಡು ಅಂಕಿ ಬರೆದುಕೊಂಡು ಮನೆಗೆ ಹೋದೆ. ಮಾರನೆಯ ದಿನ ಫ್ಯಾನ್ ಕಿತ್ತು ಬಿಸಾಕಿ, ‘ಕಾರಣ: ಆಪರೇಟರ್ ನಿರ್ಲಕ್ಷ್ಯ’ ಅಂತ ಫಾರಂ ತುಂಬಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ಹತ್ತು ವರ್ಷದ ಹಿಂದೆ ಆಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಹಾಗೆ ಮಾಡಿದರೆ ಒಂದು ವಾರದಲ್ಲಿ ಇನ್ನೊಂದು ಫ್ಯಾನು ಬರುತ್ತದೆ, ಇನ್ನೂ ಚೆನ್ನಾಗಿ ಬಚ್ಚಿಟ್ಟದ್ದು. ತಲೆ ಸಿಡಿಯುವುದಂತೂ ಸುಳ್ಳಲ್ಲವಲ್ಲ.

ನಾವು ಬಳಸುವ ಸಾಲ್ವೆಂಟ್ ಅಂಟಿನಲ್ಲಿ ಗಟ್ಟಿ ಪದಾರ್ಥ ಇರುವುದು ನೂರಕ್ಕೆ ಹದಿನೈದರಿಂದ ಇಪ್ಪತ್ತು ಭಾಗ. ಒಂದು ಕೆಜಿ ಅಂಟು ಬಳಿದರೆ ಶೂನಲ್ಲಿ ಉಳಿಯುವುದು ಹೆಚ್ಚೆಂದರೆ 200 ಗ್ರಾಂ. ಉಳಿದ 800 ಗ್ರಾಂ ಗಾಳಿಗೆ. ಮೀಥೈಲ್ ಈಥೈಲ್ ಕೀಟೋನ್ (ಎಂಇಕೆ), ಅಸಿಟೋನ್, ಈಥೈಲ್ ಅಸಿಟೇಟ್, ಕೆಲವದರಲ್ಲಿ ಟೊಲ್ವೀನ್. ಅದು ಹೋಗುವ ಮೊದಲ ಜಾಗ ಬ್ರಷ್ ಹಿಡಿದವರ ಮೂಗು.

ಶೂ ಅಂಟಿನ ಇತಿಹಾಸ ಓದಿದರೆ ಭಯವಾಗುತ್ತದೆ. ಇಸ್ತಾಂಬುಲ್‌ನಲ್ಲಿ ಮುಜಾಫರ್ ಅಕ್ಸೋಯ್ ಅನ್ನುವ ವೈದ್ಯರು ಸಣ್ಣ ಸಣ್ಣ ಶೂ ಅಂಗಡಿಗಳ ಕೆಲಸಗಾರರಲ್ಲಿ ರಕ್ತದ ಕ್ಯಾನ್ಸರ್ ಕಂಡು, ಅದಕ್ಕೂ ಅಂಟಿನಲ್ಲಿದ್ದ ಬೆಂಜೀನಿಗೂ ಇರುವ ನಂಟನ್ನು 1974ರಲ್ಲಿ ಪ್ರಕಟಿಸಿದರು. ಇಟಲಿಯಲ್ಲಿ ಅಂಟಿನ ಹೆಕ್ಸೇನಿನಿಂದ ಶೂ ಕೆಲಸಗಾರರ ಕೈಕಾಲಿನ ನರಗಳೇ ಸೋತುಹೋದವು. ಮೊದಲು ಜೋಮು, ಆಮೇಲೆ ಹೆಜ್ಜೆ ಎತ್ತಲಾಗದ ನಿಶ್ಶಕ್ತಿ. ನಮ್ಮ ಡಬ್ಬಿಗಳಲ್ಲಿ ಬೆಂಜೀನ್ ಇಲ್ಲ, ನೋಡಿದ್ದೀನಿ. ಆದರೆ ‘ಬೆಂಜೀನ್ ಇಲ್ಲ’ ಅಂದ ಮಾತ್ರಕ್ಕೆ ಎಂಟು ಗಂಟೆ ಟೊಲ್ವೀನ್ ಕುಡಿದು ಕೂರಬಹುದು ಅಂತ ಅಲ್ಲ.

ಹಾಗಾದರೆ ಎಕ್ಸಾಸ್ಟ್ ಇರಲಿಲ್ಲವೇ? ಇತ್ತು. ಪೇಸ್ಟಿಂಗ್ ಮೇಜಿನ ಮೇಲೆ, ಅಡುಗೆಮನೆ ಚಿಮಣಿ ಹಾಗೆ ಒಂದು ತಗಡಿನ ಹುಡ್. ಸ್ವಿಚ್ ಹಾಕಿದರೆ ಸದ್ದು ಬರುತ್ತಿತ್ತು, ಆಡಿಟ್‌ಗೆ ಬಂದವರು ಟಿಕ್ ಹಾಕಿ ಹೋಗುತ್ತಿದ್ದರು. ನಾನೂ ಹಾಗೇ ಟಿಕ್ ಹಾಕಿದವನೇ. ಭಾನುವಾರ ಮೇಂಟೆನೆನ್ಸ್ ಹುಡುಗನನ್ನು ಕರೆಸಿ ಪೈಪಿನ ಒಂದು ಬಾಗು ಬಿಚ್ಚಿಸಿದೆ. ಒಳಗೆ ರಫಿಂಗ್ ಮೆಷೀನಿನ ತೊಗಲಿನ ಪುಡಿ ವರ್ಷಗಟ್ಟಲೆ ಅಂಟಿನ ಹಬೆ ಕುಡಿದು ಕಡಜದ ಗೂಡಿನ ಹಾಗೆ ಕಟ್ಟಿತ್ತು. ಕೈ ಹೋಗುವಷ್ಟೂ ಸಂದಿ ಇರಲಿಲ್ಲ. ಸಾಲ್ವೆಂಟ್ ಆವಿ, ಒಣ ಪುಡಿ, ಎರಡು ಮಾರು ದೂರದಲ್ಲಿ ಕೆಂಪಗೆ ಕಾಯುವ ಹೀಟರು, ಅದರ ಜೊತೆಗೆ ಕಿಡಿ ಹಾರಿಸುವ ಗುಜರಿ ಫ್ಯಾನಿನ ಮೋಟರು. ಇಷ್ಟು ದಿನ ಬೆಂಕಿ ಬಿದ್ದಿಲ್ಲ ಅನ್ನುವುದು ಯಾರ ಪುಣ್ಯವೋ.

ಇನ್ನೊಂದು ವಿಷಯ. ಪೈಪು ಸ್ವಚ್ಛ ಇದ್ದರೂ ಆ ಹುಡ್ ಇದ್ದ ಜಾಗವೇ ತಪ್ಪು. ಈ ಸಾಲ್ವೆಂಟ್‌ಗಳ ಆವಿ ಗಾಳಿಗಿಂತ ಭಾರ. ಮೇಜಿನ ಮೇಲೆ ಹರಡಿ ಅಂಚಿನಿಂದ ಮಡಿಲಿಗೆ, ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ಅದನ್ನು ಮೇಲಿನಿಂದ ಎಳೆದರೆ ಬಗ್ಗಿ ಕೂತವರ ಮುಖದ ಮುಂದೆಯೇ ಹಾದು ಹೋಗಬೇಕು. ಒಗ್ಗರಣೆ ಹೊಗೆಗೆ ಚಿಮಣಿ ಸರಿ. ಅಂಟಿಗೆ ಮೇಜಿನ ಹಿಂದಿನ ಅಂಚಿನಲ್ಲಿ, ಕೈ ಮಟ್ಟದಲ್ಲೇ ಎಳೆಯಬೇಕು.

ಓನರ್ ಹತ್ತಿರ ಹೋದೆ. ಮೇಜಿನ ಹಿಂದೆ ಸೀಳು ಬಾಯಿಯ ಹುಡ್, ಹೊಸ ಪೈಪು, ಕಿಡಿ ಬಾರದ ಮೋಟರು. ಫ್ಯಾಬ್ರಿಕೇಟರ್ ಕೊಟ್ಟ ಕೊಟೇಶನ್ ಓದಿ ಅವರು ಕನ್ನಡಕ ತೆಗೆದಿಟ್ಟರು.

‘ತಲೆನೋವು ಎಚ್‌ಆರ್ ವಿಷಯ ಅಲ್ವೇನ್ರೀ? ನೀವು ಕ್ವಾಲಿಟಿ. ಗಮ್ ವಿಷಯ ಏನಾಯ್ತು ಹೇಳಿ.’

ಸುಲಿದ ಶೂ ಒಂದು ಜೊತೆ ಮೇಜಿನ ಮೇಲೆ ಇಟ್ಟೆ. ಗನ್‌ನಲ್ಲಿ ತೆಗೆದ ಎರಡು ಅಂಕಿಯ ಫೋಟೋ ಇಟ್ಟೆ. ವಾಪಸ್ ಬಂದ ಮಾಲಿನ ಬಿಲ್ ಪಕ್ಕದಲ್ಲಿ ಕೊಟೇಶನ್ ಇಟ್ಟೆ. ಎಕ್ಸಾಸ್ಟ್ ಕಟ್ಟಿದ್ದಕ್ಕೆ ತಲೆನೋವು, ತಲೆನೋವಿಗೆ ಫ್ಯಾನು, ಫ್ಯಾನಿಗೆ ಅಂಟು ಆರಿತು, ಆರಿದ್ದಕ್ಕೆ ಅಟ್ಟೆ ಬಿಟ್ಟಿತು, ಸಾರ್, ಇದೇ ಗಮ್ ವಿಷಯ ಅಂದೆ. ಅವರು ತುಂಬಾ ಹೊತ್ತು ಚೀಟಿ ಬರೆದ ಗಿರಾಕಿಯ ಅಕ್ಷರವನ್ನೇ ನೋಡುತ್ತಿದ್ದರು. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಹುಡ್ ಮೂರರ ಬದಲು ಎರಡು ಮೇಜಿಗೆ ಅಂತ ಚೌಕಾಸಿ ಮಾಡಿ ಸಹಿ ಹಾಕಿದರು.

ಹೊಸ ಹುಡ್ ಬರುವವರೆಗೆ ಹಳೇ ಪೈಪು ಉಜ್ಜಿ ಉಜ್ಜಿ ತೊಳೆಸಿದೆವು. ಅದರಿಂದಲೇ ಅರ್ಧ ವಾಸನೆ ಇಳಿಯಿತು. ಜೊತೆಗೆ ಒಂದೆರಡು ಸಣ್ಣ ಕೆಲಸ, ದುಡ್ಡಿಲ್ಲದವು. ಹೀಟರನ್ನು ಪ್ರೆಸ್ ಕಡೆಗೆ ನಾಲ್ಕು ಅಡಿ ಸರಿಸಿದೆವು. ಅಷ್ಟು ದೂರ ಯಾಕಿತ್ತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ, ಹಿಂದೆ ಅಲ್ಲೊಂದು ಕಂಬ ಇತ್ತಂತೆ. ಹಾರ್ಡನರ್ ಬೆರೆಸಿದ ಅಂಟನ್ನು ಬೆಳಿಗ್ಗೆ ಒಂದು ಬಕೆಟ್ ಮಾಡಿಟ್ಟುಕೊಳ್ಳುವುದು ನಿಂತು, ಅರ್ಧ ಲೀಟರ್ ಡಬ್ಬಿಗಳಲ್ಲಿ ಆಗಾಗ ಬೆರೆಸುವುದು ಶುರುವಾಯಿತು. ಡಬ್ಬಿ ಮೇಲೆ ಬೆರೆಸಿದ ಹೊತ್ತು ಬರೆಯಬೇಕು. ಹಾರ್ಡನರ್ ನೂರಕ್ಕೆ ಮೂರರಿಂದ ಐದು ಭಾಗವಷ್ಟೇ ಹಾಕುವುದು, ಅದನ್ನು ಕಣ್ಣಳತೆಯಲ್ಲಿ ಹಾಕುತ್ತಿದ್ದರು, ಈಗ ತಕ್ಕಡಿ. ಹಾರ್ಡನರ್ ಗಾಳಿಯ ತೇವದ ಜೊತೆಗೂ ಸೇರಿಕೊಂಡು ಕೆಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋದರೆ ಬಂದಮೇಲೆ ಅದು ಹಾರ್ಡನರ್ ಅಲ್ಲ, ಬರೀ ಬಣ್ಣದ ನೀರು ಅಂತ ಹೇಳಿ ಹೆದರಿಸಿದೆ. ಸ್ವಲ್ಪ ಉತ್ಪ್ರೇಕ್ಷೆ, ಆದರೆ ಮುಚ್ಚಳ ಹಾಕುತ್ತಿದ್ದಾರೆ.

ಅಟ್ಟೆ ಎಷ್ಟು ಗಟ್ಟಿ ಕೂತಿದೆ ಅನ್ನುವುದನ್ನು ಎಳೆದು ಅಳೆಯುತ್ತಾರೆ, ಒಂದು ಮಿಲಿಮೀಟರ್ ಅಗಲಕ್ಕೆ ಎಷ್ಟು ನ್ಯೂಟನ್ ಬಲ ಬೇಕಾಯಿತು ಅಂತ. ಸೇಫ್ಟಿ ಶೂಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20345 ಪ್ರಕಾರ 4 ಇರಬೇಕು. ಅಟ್ಟೆಯೇ ಹರಿದರೆ 3 ಸಾಕು. ಮಿಲಿಮೀಟರಿಗೆ 4 ನ್ಯೂಟನ್ ಅಂದರೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿಗೆ ನಾಲ್ಕು ಕೆಜಿ ಅಕ್ಕಿ ತೂಗುಹಾಕಿದ ಹಾಗೆ. ನಮ್ಮ ಫಾರ್ಮಲ್ ಶೂಗೆ ಅದು ಕಡ್ಡಾಯವಲ್ಲ, ನಾನು ಮಾತ್ರ ಅದನ್ನೇ ಗೆರೆ ಅಂತ ಇಟ್ಟುಕೊಂಡಿದ್ದೀನಿ. ಫ್ಯಾನಿನ ಗಾಳಿಯಲ್ಲಿ ಮಾಡಿದ ಶೂ 2 ದಾಟಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಮಾಡಿದ್ದನ್ನು ನಾಲ್ಕನೇ ದಿನ ಎಳೆದಾಗ (ಅಂಟು ಪೂರ್ತಿ ಬಲಿಯಲು ಮೂರ್ನಾಲ್ಕು ದಿನ ಬೇಕು) 4.7 ಬಂತು, ಅದೂ ತೊಗಲು ಹರಿದು. ಅಂಟು ಅದೇ ಕಂಪನಿಯದು, ಅದೇ ಡಬ್ಬಿ.

ನೀರಿನ ಅಂಟು ಯಾಕೆ ಬಳಸುವುದಿಲ್ಲ ಅಂತ ಓದುಗರು ಕೇಳಬಹುದು. ಒಳ್ಳೆ ಪ್ರಶ್ನೆ. ಅದರಲ್ಲಿ ಗಟ್ಟಿ ಪದಾರ್ಥ ಅರ್ಧದಷ್ಟಿರುತ್ತದೆ, ಉಳಿದದ್ದು ಬಹುಪಾಲು ನೀರು. ತಲೆನೋವಿಲ್ಲ, ಬೆಂಕಿಯ ಭಯವಿಲ್ಲ, ಒಂದೇ ಕೋಟ್ ಸಾಕು. ಸೆಪ್ಟೆಂಬರ್‌ನಲ್ಲಿ ಇಪ್ಪತ್ತು ಜೊತೆ ಮಾಡಿ ನೋಡಿದೆವು. ನೀರು ಸಾಲ್ವೆಂಟಿನಷ್ಟು ಬೇಗ ಆರುವುದಿಲ್ಲ. ನಮ್ಮ ಒಣಗಿಸುವ ಟನೆಲ್ ಗಿಡ್ಡ, ಹೊರಗೆ ಮಳೆ. ಹಾಲಿನ ಹಾಗೆ ಬೆಳ್ಳಗಿರುವ ಅಂಟು ಪಾರದರ್ಶಕ ಆಗುವವರೆಗೂ ಕಾಯಬೇಕು. ಅರ್ಧ ಶೂಗಳು ಬೆಳ್ಳಗೇ ಹೊರಬಂದವು. ಒಣಗಿದವು ಮಾತ್ರ ಸಾಲ್ವೆಂಟ್ ಅಂಟಿನಷ್ಟೇ ಗಟ್ಟಿ. ಅಂಟಿನ ದೋಷವಲ್ಲ, ನಮ್ಮ ಟನೆಲಿನದು. ಉದ್ದದ ಟನೆಲಿನ ಕೊಟೇಶನ್ ನನ್ನ ಡ್ರಾಯರ್‌ನಲ್ಲಿದೆ, ಓನರ್ ಮೂಡ್ ನೋಡಿಕೊಂಡು ತೆಗೆಯಬೇಕು.

ಕೇಳುವವರು ತುಂಬಾ ಇರುವುದರಿಂದ ಇದನ್ನೂ ಹೇಳಿಬಿಡುತ್ತೀನಿ. ‘ಒಂದು ಸಲವೂ ಹಾಕಿಲ್ಲ, ಡಬ್ಬಿಯಲ್ಲೇ ಇಟ್ಟಿದ್ದೆ, ತೆಗೆದರೆ ಅಟ್ಟೆ ಕೇಕಿನ ಹಾಗೆ ಪುಡಿಯಾಯಿತು’ ಅಂತ ನೆಂಟರೆಲ್ಲ ನನಗೇ ಫೋನ್ ಮಾಡುತ್ತಾರೆ. ಅದು ಅಂಟಿನ ವಿಷಯವಲ್ಲ. ಕೆಲವು ಪಿಯು ಅಟ್ಟೆಗಳನ್ನು ಗಾಳಿಯ ತೇವವೇ ವರ್ಷಗಟ್ಟಲೆ ಒಳಗೊಳಗೇ ಮುರಿಯುತ್ತಾ ಹೋಗುತ್ತದೆ. ಜೋಪಾನವಾಗಿ ಎತ್ತಿಟ್ಟರೂ ಉಳಿಯುವುದಿಲ್ಲ, ಹಾಕಿಕೊಂಡು ಓಡಾಡಿ. ಇನ್ನು ರಿಪೇರಿ. ಬಿಟ್ಟ ಅಟ್ಟೆಯ ಮೇಲೆ ಹಳೇ ಅಂಟು ಹೊಳೆಯುತ್ತಿದ್ದರೆ ಅದರ ಮೇಲೇ ಹೊಸ ಸಲ್ಯೂಷನ್ ಹಚ್ಚಿಸಬೇಡಿ. ಮೊದಲು ಎರಡೂ ಕಡೆ ಕೆರೆಸಿ. ನಮ್ಮ ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ ಕೂರುವ ಯಜಮಾನರಿಗೆ ಇದನ್ನು ಹೇಳಿದೆ. ಅವರು ತಲೆ ಎತ್ತದೆ, ‘ಕೆರೆದ್ರೆ ಇಪ್ಪತ್ತು ಜಾಸ್ತಿ’ ಅಂದರು. ಕೊಟ್ಟೆ. ರಂಪಿಗೆ ಹಿಡಿದು ಅವರು ಕೆರೆದ ಚೆಂದ ನೋಡಿದರೆ ನಮ್ಮ ರಫಿಂಗ್ ಮೆಷೀನ್ ನಾಚಬೇಕು.

ದೀಪಾವಳಿಗೆ ಊರಿಗೆ ಹೋದಾಗ ಹೊಸ ಬ್ಯಾಚಿನ ಒಂದು ಜೊತೆ ಒಯ್ದಿದ್ದೆ. ಅಪ್ಪನಿಗೆ ಈಗ ಎಪ್ಪತ್ತಾರು. ಕಣ್ಣು ಮಂದ, ಉಗುರು ಮಂದ ಆಗಿಲ್ಲ. ಅದೇ ಹೆಬ್ಬೆರಳು, ಅದೇ ಅಂಚು. ಆಮೇಲೆ ಒಳಗಿನಿಂದ ಇಕ್ಕಳ ತರಿಸಿಕೊಂಡು ಕಾಲ ನಡುವೆ ಶೂ ಹಿಡಿದು ಎಳೆದೇ ಎಳೆದ. ತುದಿಯಲ್ಲಿ ತೊಗಲು ಹರಿಯಿತು.

‘ತೊಗಲ ಚಲೋ ಇಲ್ಲ’ ಅಂದ.

ಫ್ಯಾನು ಈಗ ಸೆಕ್ಯುರಿಟಿ ಗೇಟಿನಲ್ಲಿದೆ. ಅಕ್ಕಂದಿರಿಗೆ ಅವರ ಎಂಟುನೂರು ರೂಪಾಯಿ ಕಂಪನಿಯಿಂದಲೇ ಕೊಡಿಸಿದೆ, ವೋಚರ್‌ನಲ್ಲಿ ಏನು ಬರೆಯೋಣ ಅಂತ ಅಕೌಂಟ್ಸ್‌ನವರು ಎರಡು ದಿನ ಒದ್ದಾಡಿದರು. ಮೊನ್ನೆ ಮಾರ್ಚ್ ಬಿಸಿಲು ಶುರುವಾದ ಮೇಲೆ ಅಕ್ಕ ನನ್ನನ್ನು ನಿಲ್ಲಿಸಿ, ‘ತಲೆನೋವು ಇಲ್ಲ ಸಾರ್. ಆದ್ರೆ ಹೀಟರ್ ಹತ್ರ ತಂದ್ಬಿಟ್ರಲ್ಲ, ಸೆಕೆ ತಡ್ಯಕ್ಕಾಯ್ತಿಲ್ಲ. ಆ ಫ್ಯಾನು ಒಂದು ಮೂಲೇಲಿ ಇಟ್ಕೊಳ್ಳಾ?’ ಅಂದರು. ಬೇಡ ಅಂದೆ. ಬದಲಿಗೆ ಏನು ಅಂತ ಕೇಳಿದರು. ಹೀಟರಿಗೂ ಅವರಿಗೂ ನಡುವೆ ತಗಡಿನ ಮರೆ ಕಟ್ಟಿ, ಬೆನ್ನ ಹಿಂದಿನಿಂದ ತಣ್ಣನೆ ಗಾಳಿ ಬಿಡಬಹುದೇ ಅಂತ ಈ ವಾರ ಅಳತೆ ತೆಗೆಯುತ್ತಿದ್ದೀನಿ. ಗಾಳಿ ಶೂ ಮುಟ್ಟಬಾರದು, ಅಕ್ಕನನ್ನು ಮುಟ್ಟಬೇಕು. ಗನ್ ಚಾರ್ಜ್‌ಗೆ ಹಾಕಿದ್ದೀನಿ.